ಎರಡು ಮಿಲಿಮೀಟರ್ ಮೇಲೆ ಉಂಟು ಮಾರಾಯ

ನಮ್ಮ ಭಾವನನ್ನು ನೀವು "ಹೇಗಿದ್ದೀರಿ?" ಎಂದು ಮಾತ್ರ ಕೇಳಬೇಡಿ. ಲೋಕದವರೆಲ್ಲ "ಚೆನ್ನಾಗಿದ್ದೇನೆ" ಎಂದೋ "ಸೊಂಟನೋವು" ಎಂದೋ ಹೇಳಿ ಮುಗಿಸುವ ಈ ಪ್ರಶ್ನೆಗೆ ಅವರು ಹುಬ್ಬು ಗಂಟಿಕ್ಕಿ ಕೊಡುವ ಉತ್ತರ: "ಎರಡು ಮಿಲಿಮೀಟರ್ ಮೇಲೆ ಉಂಟು ಮಾರಾಯ!"

ಮೇಲಿರುವುದು ಬಿಪಿಯಲ್ಲ, ಶುಗರೂ ಅಲ್ಲ. ಅವರ ಹಳೆಯ ಬೈಕಿನ ಕಾರ್ಬುರೇಟರಿನೊಳಗಿನ ಪೆಟ್ರೋಲು!

ಭಾವ ಅಂದರೆ ನನ್ನ ಅಕ್ಕನ ಗಂಡ. ಸುಳ್ಯದ ಹತ್ತಿರ ಆಲೆಟ್ಟಿಯಲ್ಲಿ ಮನೆ. ಬೈಕು ಅವರ ಮದುವೆಯ ವರ್ಷದ್ದು. ಅಕ್ಕ ಆ ಮನೆಗೆ ಸೇರಿದ್ದೇ ಅದರ ಹಿಂದಿನ ಸೀಟಿನಲ್ಲಿ ಕೂತು. ಈಗಿನ ಬೈಕುಗಳಿಗೆ ಎಷ್ಟು ಪೆಟ್ರೋಲು ಬೇಕೆಂದು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಇದರಲ್ಲಿ ಹಾಗಲ್ಲ. ಕಾರ್ಬುರೇಟರಿನ ತಳದಲ್ಲಿ ಒಂದು ಪುಟ್ಟ ಬಟ್ಟಲು, ಅದರೊಳಗೆ ತೇಲುವ ಒಂದು ಬುರುಡೆ. ಮನೆಯ ನೀರಿನ ಟ್ಯಾಂಕಿನಲ್ಲಿ ಚೆಂಡು ಮೇಲೆ ಬಂದು ನೀರು ನಿಲ್ಲಿಸುತ್ತದಲ್ಲ, ಥೇಟ್ ಹಾಗೆ. ಆ ಬುರುಡೆಯ ಹಿತ್ತಾಳೆಯ ನಾಲಗೆಯನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಬಗ್ಗಿಸಿದರೆ ಪೆಟ್ರೋಲಿನ ಮಟ್ಟ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಜಾಸ್ತಿಯಾದರೆ ಕಪ್ಪು ಹೊಗೆ. ಕಮ್ಮಿಯಾದರೆ ಎಳೆತವೇ ಇಲ್ಲ. ಎರಡರಲ್ಲಿ ಯಾವುದಾದರೂ ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ.

ಏರು ಅಂದೆನಲ್ಲ, ಇಡೀ ರಾಮಾಯಣ ಇರುವುದು ಅಲ್ಲಿಯೇ! ಡಾಮರು ರಸ್ತೆಯಿಂದ ಭಾವನ ಅಂಗಳಕ್ಕೆ ಎರಡು ತಿರುವಿನ ಒಂದು ಏರುದಾರಿ. ಕಾರು ಬಿಡಿ, ರಿಕ್ಷಾ ಕೂಡ ಹೋಗದಷ್ಟು ಇಕ್ಕಟ್ಟು. ಮೊದಲ ತಿರುವನ್ನು ಬೈಕು ಜೋರಾಗಿ ಹತ್ತುತ್ತದೆ. ಎರಡನೆಯದರಲ್ಲಿ ಎರಡು ಸಲ ಕೆಮ್ಮಿ ಟಪ್ಪನೆ ನಿಲ್ಲುತ್ತದೆ. ಅಕ್ಕ ಸೀರೆ ಎತ್ತಿ ಹಿಡಿದು ಇಳಿಯುತ್ತಾಳೆ. ಆಕೆ ಹಾಗೆ ಒಮ್ಮೆಯೂ ಇಳಿಯದೆ ಅಂಗಳ ಮುಟ್ಟಬೇಕು ಎನ್ನುವುದು ಭಾವನ ಹಠ. ಹಠ ಹಳೆಯದೇ. ಆದರೆ ಕಳೆದೊಂದು ವರ್ಷದಿಂದ ಅದು ಹುಚ್ಚಿಗೆ ತಿರುಗಿದೆ ಎಂದು ನಮ್ಮ ಕಡೆಯವರೆಲ್ಲ ಸೇರಿ ತೀರ್ಪು ಕೊಟ್ಟಾಗಿತ್ತು.

ನನಗೇ ಆದ ಅನುಭವ ಕೇಳಿ. ಜ್ವರ ಬಂದು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಮಲಗಿದ್ದೆ. ಭಾವ ಎಳನೀರು ಹಿಡಿದುಕೊಂಡು ನೋಡಲಿಕ್ಕೆ ಬಂದರು. ನೋಡಿದ್ದು ಯಾರನ್ನು? ನನ್ನನ್ನಂತೂ ಅಲ್ಲ! ನನ್ನ ಕೈಗೆ ಚುಚ್ಚಿದ ಗ್ಲುಕೋಸಿನ ಪೈಪನ್ನು. ಅದು ಪಾರದರ್ಶಕವಲ್ಲವೇ? ಬಟ್ಟಲಿನ ತಳದ ತೂತಿಗೆ ಅಂಥದ್ದೊಂದು ಪೈಪು ಸಿಕ್ಕಿಸಿ ಮೇಲಕ್ಕೆ ಹಿಡಿದರೆ ಒಳಗಿನ ಪೆಟ್ರೋಲಿನ ಮಟ್ಟ ಹೊರಗೇ ಕಾಣುತ್ತದಂತೆ.

"ಇದು ಮುಗಿದ ಮೇಲೆ ಈ ಪೈಪನ್ನು ಎಂತ ಮಾಡುದು ಸಿಸ್ಟರ್?"

"ಬಿಸಾಡುದು."

"ಅಯ್ಯೋ!" ಎಂದರು ಭಾವ. ಸಂಬಂಧಿಕರ ಸಾವಿಗೂ ಅವರು ಅಷ್ಟು ನೊಂದದ್ದನ್ನು ನಾನು ಕಂಡಿಲ್ಲ. ಸಿಸ್ಟರು ಗದರಿಸಿ ಕಳಿಸಿದ ಮೇಲೆ ಕೆಳಗಿನ ಮೆಡಿಕಲ್ಲಿಗೆ ಹೋಗಿ ಹೊಸದೇ ಕೇಳಿದರಂತೆ. "ಯಾರಿಗೆ ಹುಷಾರಿಲ್ಲ?" ಎಂದು ಅಂಗಡಿಯವನು ಕೇಳಿದ್ದಕ್ಕೆ ಬಂದ ಉತ್ತರ: "ಬೈಕಿಗೆ."

ಸುಳ್ಯದ ಮೆಕ್ಯಾನಿಕರೆಲ್ಲ ಕೈಮುಗಿದ ಮೇಲೆ ಭಾವ ಕಡಬದವರೆಗೂ ಹೋದರು. ಅಲ್ಲಿಯವನು ಪಾಪ, ಹೊಸಬ. ಮೂರು ಸಲ ಬಿಚ್ಚಿದ, ಮೂರು ಸಲ ಜೋಡಿಸಿದ. ನಾಲ್ಕನೆಯ ಸಲಕ್ಕೆ ಸ್ಪ್ಯಾನರನ್ನು ನೆಲಕ್ಕಿಟ್ಟು, "ಅಣ್ಣಾ, ಎರಡು ಮಿಲಿಮೀಟರಿಗೆ ಯಾರಾದ್ರೂ ಸಾಯ್ತಾರಾ ಮಾರಾಯ್ರೆ?" ಎಂದ. ಜೊತೆಗೆ ಹೋಗಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವ ನಗಲಿಲ್ಲ.

ಹೊಸ ಬೈಕು ತೆಗೆಯಬಾರದೇ ಎನ್ನುತ್ತೀರಿ. ತೆಗೆಸಲಿಕ್ಕೆ ನಾನೇ ಇಬ್ಬರನ್ನೂ ಪುತ್ತೂರಿನ ಶೋರೂಮಿಗೆ ಎಳೆದುಕೊಂಡು ಹೋಗಿದ್ದೆ. ಹಿಂದಿನ ಸೀಟು ಆಕಾಶದಲ್ಲಿ! ಅಕ್ಕ ಒಂದು ಸುತ್ತು ಬಂದು ಸೇಲ್ಸಿನವನನ್ನು ಕೇಳಿದಳು: "ಇದಕ್ಕೆ ಏಣಿ ಬೇರೆ ಕೊಡ್ತೀರಾ, ಅಲ್ಲ ನಾವೇ ತರ್ಬೇಕಾ?" ಸ್ಕೂಟರಿನ ಸಣ್ಣ ಚಕ್ರವಂತೂ ಆ ದಾರಿಯ ಕೆಂಪು ಮುರಕಲ್ಲಿನ ಮೇಲೆ ಜಾರುತ್ತದೆ. ಹಾಗಾಗಿ ಉದ್ದ ಸೀಟಿನ ಹಳೆಯ ಬೈಕೇ ಗತಿಯಾಯಿತು.

ಆಮೇಲೆ ಭಾವನಿಗೆ ಜ್ಞಾನೋದಯವಾಯಿತು. "ಎಲ್ರೂ ಸಮತಟ್ಟಿನಲ್ಲಿ ನಿಲ್ಲಿಸಿ ಲೆವೆಲ್ ನೋಡುದು. ನಮ್ಮ ಗಾಡಿ ನಿಲ್ಲುದು ಎಲ್ಲಿ? ಏರಿನಲ್ಲಿ! ಮೂತಿ ಮೇಲೆ ಮಾಡಿದಾಗ ಪೆಟ್ರೋಲು ವಾಲ್ತದೆ ಅಲ್ವಾ? ಹಿಂದೆ ಭಾರ ಕೂತರೆ ಇನ್ನೂ ವಾಲ್ತದೆ. ಲೆವೆಲ್ ನೋಡ್ಬೇಕಾದ್ದು ಅಲ್ಲಿಯೇ, ಭಾರ ಹೇರಿಯೇ!"

ಭಾರ ಅಂದರೆ ಯಾರು? ನನ್ನ ಅಕ್ಕ!

ಅಂದಿನಿಂದ ಆಲೆಟ್ಟಿಯವರಿಗೆ ಪುಕ್ಕಟೆ ಮನರಂಜನೆ. ಎರಡನೆಯ ತಿರುವಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ ಬೈಕು. ಹಿಂದಿನ ಸೀಟಿನಲ್ಲಿ ಅಕ್ಕ, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಅಲಸಂಡೆ ಹೆಚ್ಚುತ್ತಾ. ಕೆಳಗೆ ನೆಲಕ್ಕೆ ಕೆನ್ನೆ ಹಚ್ಚಿ, ಪೈಪು ಹಿಡಿದು ಮಲಗಿದ ಭಾವ. ಹೋಗುವವರು ಬರುವವರು ಕೇಳದೆ ಇರುತ್ತಾರೆಯೇ?

"ಎಲ್ಲಿಗೆ ಅಕ್ಕ ಹೊರಟದ್ದು?"

"ಎಲ್ಲಿಗೂ ಇಲ್ಲ. ಇವರಿಗೆ ನನ್ನ ತೂಕ ಬೇಕಂತೆ!"

ತೂಕ ಎಂದರೆ ಲೆಕ್ಕದ ತೂಕ, ಐವತ್ತೆಂಟು ಕಿಲೋ. ಅದಕ್ಕೆ ತಕ್ಕ ಹಾಗೆ ಬುರುಡೆಯ ನಾಲಗೆ ಬಗ್ಗಿಸಿಯಾಗಿದೆ. ಸವಣೂರಿನಲ್ಲಿ ನಮ್ಮ ನೆಂಟರ ಗೃಹಪ್ರವೇಶ. ಬಡಿಸುವವನು ಅಕ್ಕನ ಎಲೆಗೆ ಮೂರನೆಯ ಹೋಳಿಗೆ ಹಾಕಲು ಬಗ್ಗಿದ. ಎದುರಿನ ಪಂಕ್ತಿಯಿಂದ ಭಾವ ಕೂಗಿದರು: "ಅವಳಿಗೆ ಸಾಕು, ಸಾಕು! ಲೆವೆಲ್ ಹೋಗ್ತದೆ!" ಇಡೀ ಚಪ್ಪರ ನಕ್ಕಿತು. ಅಕ್ಕ ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಪುನಃ ಅಲಸಂಡೆ ಹಿಡಿದು ಸೀಟಿನಲ್ಲಿ!

ಮೊನ್ನೆ ನಾನು ಆಲೆಟ್ಟಿಗೆ ಹೋದಾಗಲೂ ಅದೇ ದೃಶ್ಯ. ಭಾವ ಇಕ್ಕಳ ತರಲಿಕ್ಕೆ ಮನೆಗೆ ಹೋದದ್ದೇ ತಡ, ನಾನು ಅಕ್ಕನ ಮೇಲೆ ಹರಿಹಾಯ್ದೆ. "ಊರಿಗೆಲ್ಲ ತಮಾಷೆ ಆಗಿದೆ ಅಕ್ಕ. ನಾಲ್ಕು ಹೆಜ್ಜೆ ಇಳಿದು ನಡೆದರೆ ನಿನಗೆ ಎಂತ ಆಗ್ತದೆ?"

ಅಕ್ಕನ ಕೈಯ ಚೂರಿ ನಿಂತಿತು.

"ನಡೆದೆನಲ್ಲ, ಕಳೆದ ವರ್ಷ. ಗಾಡಿ ಇಲ್ಲಿಯೇ ನಿಂತಿತು, ಇಳಿದು ನಡೆದೆ. ಅಲ್ಲಿ ಕಾಣ್ತದಲ್ಲ, ಆ ಹಲಸಿನ ಮರ, ಅಲ್ಲಿಗೆ ಮುಟ್ಟುವಾಗ ಉಸಿರೇ ಸಿಗ್ಲಿಲ್ಲ. ಕೂತವಳಿಗೆ ಏಳ್ಲಿಕ್ಕೆ ಆಗ್ಲಿಲ್ಲ. ಇವರು ಹೊತ್ತುಕೊಂಡು ಹೋದ್ರು. ಹಾರ್ಟಿನ ವಾಲ್ವು ಸರಿ ಮುಚ್ಚುದಿಲ್ಲವಂತೆ. ಮಾತ್ರೆ ಉಂಟು, ಆಪರೇಶನ್ ಈಗ ಬೇಡ, ಆದ್ರೆ ಏರು ಮಾತ್ರ ಹತ್ತಲೇಬಾರದು ಅಂದಿದ್ದಾರೆ ಡಾಕ್ಟ್ರು. ಅಂದಿನಿಂದ ಗಾಡಿ ನಿಂತಲ್ಲಿಂದ ಇವರೇ ಹೊತ್ತುಕೊಂಡು ಹೋಗುದು. ಅಮ್ಮ ಗಾಬರಿ ಆಗ್ತಾಳೆ ಅಂತ ಯಾರಿಗೂ ಹೇಳ್ಲಿಲ್ಲ."

ನಾನು ಆ ಹಲಸಿನ ಮರದತ್ತ ನೋಡಿದೆ.

ಅಕ್ಕ ಮತ್ತೆ ಅಲಸಂಡೆ ಹೆಚ್ಚತೊಡಗಿದಳು. "ನನ್ನ ವಾಲ್ವು ಬಿಚ್ಚಿ ಸರಿ ಮಾಡ್ಲಿಕ್ಕೆ ಇವರಿಗೆ ಬರುದಿಲ್ಲ. ಬರುದು ಇದೊಂದೇ. ಮಾಡ್ಲಿ ಬಿಡು. ನೀನು ನಗಬೇಡ ಆಯ್ತಾ?"

ಕಡಬದಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದೆನಲ್ಲ, ಅದು ನೆನಪಾಗಿ ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ಭಾವ ಬಂದರು. ನಾಲಗೆಯನ್ನು ಮತ್ತೊಂದಿಷ್ಟು ಬಗ್ಗಿಸಿದರು, ಪೈಪು ಹಿಡಿದು ನೋಡಿದರು, ಬಟ್ಟಲು ಮುಚ್ಚಿದರು. ಕಲ್ಲು ತೆಗೆದು, ಅಕ್ಕನನ್ನು ಕೂರಿಸಿಕೊಂಡೇ ಬೈಕನ್ನು ರಸ್ತೆಯವರೆಗೆ ಇಳಿಸಿಕೊಂಡು ಹೋಗಿ ಕಿಕ್ ಹೊಡೆದರು. ನಾನು ಎರಡನೆಯ ತಿರುವಿನಲ್ಲೇ ನಿಂತೆ. ಬೈಕು ಮೊದಲ ತಿರುವು ದಾಟಿತು. ನನ್ನ ಎದುರಿಗೆ ಬಂದದ್ದೇ ಒಮ್ಮೆ ಕೆಮ್ಮಿತು. ಅಕ್ಕ ಅಭ್ಯಾಸಬಲದಿಂದ ಕಾಲು ಕೆಳಗೆ ಮಾಡಿದಳು.

"ಇಳಿಬೇಡ!" ಭಾವನ ಬೊಬ್ಬೆ ಗುಡ್ಡಕ್ಕೆಲ್ಲ ಕೇಳಿರಬೇಕು.

ನಾನು ದೂಡಲಿಕ್ಕೆಂದು ಕೈಚಾಚಿ ಓಡಿದೆ. ಎರಡನೆಯ ಕೆಮ್ಮು ಬರಲೇ ಇಲ್ಲ! ಬೈಕು ಒಮ್ಮೆ ಗುರ್ರೆಂದು ಹಲಸಿನ ಮರವನ್ನು ದಾಟಿ ಮೇಲೆ ಹೋಗಿಬಿಟ್ಟಿತು.

ಏದುಸಿರು ಬಿಡುತ್ತಾ ನಾನು ಅಂಗಳ ಮುಟ್ಟುವಾಗ ಬೈಕು ಇನ್ನೂ ಸ್ಟಾರ್ಟಿನಲ್ಲಿತ್ತು. ಏನೇನೋ ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಮಾತ್ರ, "ಹೇಗಿದ್ದೀರಿ ಭಾವ?"

ಭಾವ ಕಾರ್ಬುರೇಟರಿನತ್ತ ನೋಡುತ್ತಿರಲಿಲ್ಲ. ಅಲಸಂಡೆಯ ತಟ್ಟೆ ಹಿಡಿದು ತನ್ನಷ್ಟಕ್ಕೆ ಜಗಲಿ ದಾಟಿ ಒಳಗೆ ಹೋಗುತ್ತಿದ್ದ ಅಕ್ಕನನ್ನೇ ನೋಡುತ್ತಿದ್ದರು. ಪೆಟ್ರೋಲು ಕೈಯಲ್ಲೇ ಕಣ್ಣು ಒರೆಸಿಕೊಂಡರು.

"ಇವತ್ತು ಸರಿ ಉಂಟು ಮಾರಾಯ," ಎಂದರು.