ಕೂಸಿಗೊಂದು ಪರದೇಶಿ ಹೊಗಳಿಕೆ

ಕೆಲವರ ಕೈಗುಣ ಒಳ್ಳೆಯದಿರುತ್ತದೆ, ಕೆಲವರ ಕಾಲ್ಗುಣ. ನನ್ನದು ಬಾಯಿಗುಣ, ಅದೂ ಕೆಟ್ಟದ್ದು ಎಂದು ದೇವದುರ್ಗದ ನನ್ನ ಅತ್ತೆ ತೀರ್ಮಾನಿಸಿದ್ದರು. ಮದುವೆಯಾದ ಹೊಸದರಲ್ಲಿ ಅವರ ಎಮ್ಮೆಯನ್ನು ನೋಡಿ, "ಎಷ್ಟ್ ಚಂದ ಅದರೀ" ಎಂದುಬಿಟ್ಟಿದ್ದೆ. ಅಳಿಯನಾದವನು ಏನನ್ನಾದರೂ ಹೊಗಳಬೇಕಲ್ಲ, ಅಂಗಳದಲ್ಲಿ ಹೊಗಳುವಂಥದ್ದು ಬೇರೇನೂ ಇರಲಿಲ್ಲ. ಮರುದಿನ ಎಮ್ಮೆ ಒದೆಯತೊಡಗಿತು, ಹಾಲು ಬಿಡಲಿಲ್ಲ. ಅಂದಿನಿಂದ ನಾನು ಬರುವ ಸುದ್ದಿ ತಿಳಿದರೆ ಸಾಕು, ಅದನ್ನು ಹಿತ್ತಲಿಗೆ ಸಾಗಿಸುತ್ತಿದ್ದರು. ಎಮ್ಮೆಯ ಮುಖ ಕಾಣದಿದ್ದರೆ ನನಗೇನೂ ನಷ್ಟವಿರಲಿಲ್ಲ. ಹೆಂಡತಿ ತವರಿನಲ್ಲಿ ಹೆಣ್ಣು ಹೆತ್ತಾಗ ಮಾತ್ರ ಫಜೀತಿ ಶುರುವಾಯಿತು.

ನಾನು ರಾಯಚೂರು ಸ್ಟೇಷನ್ನಿನಲ್ಲಿ ಟಿಕೆಟ್ ಗುಮಾಸ್ತ. ರಜೆ ಹಾಕಿ ಓಡಿದೆ. ಅತ್ತೆ ಬಾಗಿಲಲ್ಲೇ ತಡೆದು, "ನೋಡ್ರಿ ಅಳಿಯಂದ್ರ, ಕೂಸಿನ್ನ ಕಣ್ತುಂಬ ನೋಡ್ರಿ. ಚಂದ ಅದ ಅಂತ ಮಾತ್ರ ಅನಬ್ಯಾಡ್ರಿ, ನದರಾಗ್ತದ, ದೃಷ್ಟಿ ತಾಕ್ತದ" ಎಂದರು. ನೋಡಿದೆ. ಅಂಥ ಮೂಗು, ಅಂಥ ಬೆರಳು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಾಯಿ ಬಿಗಿದುಕೊಂಡು ಕೂತೆ. ಹೆಂಡತಿ ಮೆಲ್ಲಗೆ, "ಏನೂ ಅನವಲ್ರಿ. ಹೆಣ್ಣು ಹುಟ್ಟೇದಂತ ಬ್ಯಾಸರ ಆಗೇದೇನು?" ಎಂದು ಕಣ್ಣೊರೆಸಿಕೊಂಡಳು. ಅತ್ತೆ ಪಕ್ಕದಲ್ಲೇ ಕಾವಲು. ಹಾಗೆಯೇ ರಾಯಚೂರಿಗೆ ವಾಪಸಾದೆ.

ಅವು ಎರಡನೇ ಮಹಾಯುದ್ಧದ ದಿನಗಳು. ಸಿಪಾಯಿಗಳ ಗಾಡಿಗೆ ದಾರಿ ಬಿಟ್ಟು ನಮ್ಮ ಗಾಡಿಗಳು ಹೊತ್ತುಗೊತ್ತಿಲ್ಲದೆ ಬರುತ್ತಿದ್ದವು. ಹಾಗೆ ಕಾಯುತ್ತ ಕೂತಿದ್ದ ಸ್ಪೇನ್ ದೇಶದ ಪಾದ್ರಿಯೊಬ್ಬರಿಗೆ ಅಷ್ಟಿಷ್ಟು ಉರ್ದು ಬರುತ್ತಿತ್ತು. ಅವರ ಮುಂದೆ ನನ್ನ ಗೋಳು ತೋಡಿಕೊಂಡೆ. ಅವರು ನಕ್ಕು, ತಮ್ಮ ಭಾಷೆಯಲ್ಲಿ ಚಂದಕ್ಕೆ 'ಬೊನೀತೊ' ಎನ್ನುತ್ತಾರೆ, ಹೆಣ್ಣಾದರೆ 'ಬೊನೀತಾ' ಎಂದರು. ಕೂಸಿಗೂ ಅನ್ನಬಹುದಂತೆ, ಅಂಗಿಗೂ, ಮನೆಗೂ ಅನ್ನಬಹುದಂತೆ. ಎಮ್ಮೆಗೆ ಅನ್ನಬಹುದೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಎಮ್ಮೆ ಒಪ್ಪಿದರೆ ಅಡ್ಡಿಯಿಲ್ಲ ಎಂದರು.

ಮುಂದಿನ ಸಲ ಹೋದಾಗ ಹೆಂಡತಿಯ ಕಿವಿಯಲ್ಲಿ ಅರ್ಥ ಹೇಳಿ, ಕೂಸನ್ನೆತ್ತಿಕೊಂಡು ಬಾಯಿ ತುಂಬ "ಬೊನೀತಾ, ಬೊನೀತಾ" ಎಂದೆ. ಹೆಂಡತಿಯ ಮುಖ ಅರಳಿತು. ನನಗೂ ಜೀವ ಹಗುರಾಯಿತು. ಅತ್ತೆ, "ಏನ್ರಿ ಅದು?" ಎಂದು ಓಡಿಬಂದರು.

"ಪಾದ್ರಿ ಕಲಿಸ್ಯಾರ್ರಿ. ಹಿಂಗಂದ್ರ ನದರಾಗಂಗಿಲ್ಲ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅತ್ತೆ ಅದನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿದರು. ಉಪ್ಪು ಮೆಣಸಿನಕಾಯಿ ನಿವಾಳಿಸುವಾಗ ಬೊನೀತಾ, ಕೂಸಿಗೆ ಎರೆಯುವಾಗ ಬೊನೀತಾ. ಎಮ್ಮೆ ಹಿತ್ತಲಿನಿಂದ ಮತ್ತೆ ಅಂಗಳಕ್ಕೆ ಬಂತು. ಮಾನ್ವಿಯ ಬೀಗರಂತೂ ತಮ್ಮ ಎತ್ತುಗಳನ್ನು ಅಲ್ಲಿಂದ ಹೊಡೆದುಕೊಂಡು ಬಂದು, ನನ್ನ ಬಾಯಿಂದಲೇ ಆ ಮಾತು ಅನ್ನಿಸಿಕೊಂಡು ಹೋದರು.

ಇಷ್ಟು ಮರ್ಯಾದೆ ಸಿಕ್ಕರೆ ಯಾರಿಗಾದರೂ ತಲೆ ತಿರುಗುತ್ತದೆ. ಒಂದು ಬೆಳಿಗ್ಗೆ ಹೊಸ ಶೇರ್ವಾನಿ ತೊಟ್ಟು, ಕನ್ನಡಿ ಮುಂದೆ ನಿಂತು, ನನಗೆ ನಾನೇ "ಬೊನೀತೊ" ಎಂದುಕೊಂಡೆ. ಹಿಂದೆ ಕೂತು ಕೂಸಿನ ಕೆನ್ನೆಗೆ ಕಾಡಿಗೆ ಇಡುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು: "ಕನ್ನಡದಾಗ ಅಂದ್ರೂ ನಡೀತದ ಬಿಡ್ರಿ. ನಿಮಗೇನ್ ನದರಾಗಂಗಿಲ್ಲ."