ಕರ್ಚೀಫು ಕಾಣದೆ ತಟ್ಟಿದ ಚಪ್ಪಾಳೆ

ಭಾಷಣ ಮಾಡುವುದಕ್ಕೆ ಓದು ಬೇಕು. ಚಪ್ಪಾಳೆ ತಟ್ಟುವುದಕ್ಕೆ ಕೈ ಗಟ್ಟಿಯಿದ್ದರೆ ಸಾಕು. ನನ್ನ ಕೈ ಗಟ್ಟಿಯಿತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಹದಡಿ ಹಳ್ಳಿಯಿಂದ ದಾವಣಗೆರೆಗೆ ಬಂದು, ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿಗೆ ಅಕ್ಕಿ ಸುರಿದು ತಿರುವಿ ತಿರುವಿ ಅಂಗೈ ಎಮ್ಮೆ ಚರ್ಮವಾಗಿತ್ತು. ಒಮ್ಮೆ ತಟ್ಟಿದರೆ ಪಟಾಕಿ ಸಿಡಿದ ಹಾಗೆ. ಹೊಸ ಮೈಸೂರು ರಾಜ್ಯವಾದ ಹೊಸತರಲ್ಲಿ ನಮ್ಮ ಓಣಿಯ ಶಿವಾನಂದನ ಕಣ್ಣು ಈ ಅಂಗೈ ಮೇಲೆ ಬಿತ್ತು.

ಶಿವಾನಂದ ಬಿ.ಎ. ಕಡೇ ವರ್ಷದಲ್ಲಿದ್ದ. ಕಾಲೇಜಿನ ಪರವಾಗಿ ವಿಶ್ವವಿದ್ಯಾಲಯದ ಚರ್ಚಾಸ್ಪರ್ಧೆಗೆ ನಿಂತಿದ್ದ. ಗೆದ್ದವರಿಗೆ ಬಹುಮಾನ ಒಂದು ಢಾಲು. ಅವನಿಗೆ ಲಾ ಓದುವ ಆಸೆ. ಬಟ್ಟೆ ಅಂಗಡಿಯ ಅಪ್ಪ ರೇವಣಸಿದ್ದಪ್ಪನವರಿಗೆ ಮಗನನ್ನು ದುಡ್ಡಿನ ಗಲ್ಲದ ಮುಂದೆ ಕೂಡಿಸುವ ಆಸೆ. "ಢಾಲು ಗೆದ್ಕಂಡು ಬಾ, ಲಾಕ್ಕೆ ಕಳಿಸ್ತೀನಿ. ಸೋತ್ರೆ ಸುಮ್ನೆ ಬಂದು ಗಜಕಡ್ಡಿ ಹಿಡಿ" ಎಂದಿದ್ದರು. ಚಪ್ಪಾಳೆ ಕೇಳಿದರೆ ತೀರ್ಪುಗಾರರ ಪೆನ್ಸಿಲ್ಲು ತಾನೇ ಓಡುತ್ತದೆ ಎಂಬುದು ಶಿವಾನಂದನ ಸಿದ್ಧಾಂತ. "ಲೇ ಬಸ್ಯಾ, ನೀನು ಭಾಷಣ ಕೇಳಾದು ಬ್ಯಾಡ. ನಾನು ಕರ್ಚೀಫು ತೆಗೆದೆ ಅಂದ್ರೆ ತಟ್ಟು. ನೀನು ತಟ್ಟಿದ್ರೆ ನಿನ್ ಹಿಂದೆ ಕೂತ ನಮ್ ಕಾಲೇಜಿನ ಇಪ್ಪತ್ತು ಹುಡುಗ್ರು ತಟ್ತಾರೆ" ಎಂದ.

ಕೇಳದಿರುವುದು ಸುಲಭವಾಗಿಯೇ ಇತ್ತು. "ಮಾನ್ಯ ಅಧ್ಯಕ್ಷರೇ, ನ್ಯಾಯದ ತಕ್ಕಡಿಯಂತಿರುವ ತೀರ್ಪುಗಾರರೇ, ಜ್ಞಾನದ ಕಡಲಾದ ಗುರುಗಳೇ" ಎಂದು ಅವನು ಹೊರಟರೆ, ಕಡಲು ದಾಟುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಒಂದು ಚೀಲ ಮಂಡಕ್ಕಿ ಹುರಿದಿರುತ್ತಿದ್ದೆ. ಆದರೂ ಮೂರು ಸುತ್ತು ಗೆದ್ದೆವು. ನನ್ನನ್ನು ಕೇಳಿದರೆ, ಗೆದ್ದವನು ನಾನೇ.

ಕಡೇ ಸುತ್ತು ಹರಿಹರದಲ್ಲಿ. ಪ್ಯಾಸೆಂಜರ್ ರೈಲಿನಲ್ಲಿ ಹೋದೆವು. ಪಟ್ಟಣಕ್ಕಿಂತ ಹಳ್ಳಿಯ ಬಾಳೇ ಲೇಸು ಎಂಬುದು ವಿಷಯ. ಒಂದು ದಿನ ಕೆಸರು ತುಳಿಯದ ಶಿವಾನಂದ ಹಳ್ಳಿಯನ್ನು ಹೊಗಳಿ ಹೊಗಳಿ ಮೂರು ಸಲ ಕರ್ಚೀಫು ತೆಗೆದ. ನಾನು ಮೂರು ಸಲ ಸಿಡಿಸಿದೆ. ಆಮೇಲೆ ಬೇರೆ ಕಾಲೇಜಿನ ಜುಬೇದಾ ಎಂಬ ಹುಡುಗಿ ಎದ್ದಳು. ಕಡಲೂ ಇಲ್ಲ, ತಕ್ಕಡಿಯೂ ಇಲ್ಲ. "ಹಳ್ಳಿ ಅಷ್ಟು ಚೆನ್ನಾಗಿದ್ರೆ ಅಲ್ಲಿಯ ಹುಡುಗರು ಪಟ್ಟಣದ ಗಿರಣಿ, ಭಟ್ಟಿಗಳಲ್ಲಿ ಯಾಕೆ ಬೇಯ್ತಿದ್ದಾರೆ? ಅವರನ್ನು ಯಾರಾದ್ರೂ ಒಂದು ಮಾತು ಕೇಳಿದ್ದೀರಾ?" ಎಂದಳು.

ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೈಗಳು ತಾವಾಗಿಯೇ ಕೂಡಿದವು. ಢಂ! ಹಿಂದಿನ ಇಪ್ಪತ್ತು ಹುಡುಗರು ಕಲಿಸಿದ ಪಾಠದಂತೆ ತಟ್ಟಿದರು. ಅವರನ್ನು ನೋಡಿ ಇಡೀ ಸಭೆ ತಟ್ಟಿತು. ತೀರ್ಪುಗಾರರ ಪೆನ್ಸಿಲ್ಲು ಓಡಿದ್ದನ್ನು ಕಣ್ಣಾರೆ ಕಂಡೆ. ಢಾಲು ಜುಬೇದಾಳ ಪಾಲಾಯಿತು.

ಸ್ಟೇಷನ್ನಿನಲ್ಲಿ ಶಿವಾನಂದ ನನ್ನ ಅಂಗಿ ಹಿಡಿದ. "ನಾನು ಕರ್ಚೀಫು ತೆಗೆದಿದ್ನೇನೋ?"

"ಇಲ್ಲ."

"ಮತ್ಯಾಕ ತಟ್ಟಿದ್ಯೋ?"

"ಖರೆ ಅನ್ನಿಸ್ತು, ತಟ್ಟಿದೆ."

"ನಿನ್ನ ಖರೆ ಯಾವನಿಗೆ ಬೇಕಾಗಿತ್ತೋ! ನನ್ ಲಾ ಹೋತಲ್ಲೋ!" ಎಂದು ಅಳತೊಡಗಿದ.

ಮರುದಿನ ಬೆಳಿಗ್ಗೆ ನೆಟ್ಟಗೆ ರೇವಣಸಿದ್ದಪ್ಪನವರ ಅಂಗಡಿಗೆ ಹೋದೆ. "ಸಾವ್ಕಾರ್ರೇ, ನಿಮ್ ಮಗ ಸೋತಿಲ್ಲ, ನಾನು ಸೋಲ್ಸಿದ್ದು. ಅವನನ್ನ ಲಾಕ್ಕೆ ಕಳಿಸ್ರಿ. ಇಲ್ಲಿ ಕೂಡ್ಸಿದ್ರೆ ಒಬ್ಬ ಗಿರಾಕಿಗೆ ನಮಸ್ಕಾರ ಹೇಳಾದ್ರಾಗೆ ಸಂಜಿ ಮಾಡ್ತಾನೆ" ಎಂದೆ.

ಸಾವ್ಕಾರರು ಹೊಟ್ಟೆ ಕುಣಿಸಿ ನಕ್ಕರು. "ಅವ್ನು ವರ್ಷಗಟ್ಲೆ ವಾದ ಮಾಡಿದ್ರೂ ನಾನು ಬಗ್ಗಿದ್ದಿಲ್ಲ. ನಾಕು ಮಾತಿಗೆ ಬಗ್ಗಿಸಿದ್ಯಲ್ಲಲೇ! ಹೋಗ್ಲಿ ಬಿಡು ಅವ್ನು. ಆದ್ರೆ ಗಲ್ಲ ಖಾಲಿ ಬಿಡಾಕಾಗಲ್ಲ. ನಾಳಿಂದ ನೀನು ಬಾ."

ಶಿವಾನಂದ ಲಾ ಓದಲು ಹೋದ. ನಾನು ಅಂಗಡಿಗೆ ಬಂದೆ. ಮೊದಲ ದಿನವೇ ಒಬ್ಬಾಕೆ "ಈ ಸೀರೆ ಬಣ್ಣ ಹೋಗ್ತೈತೇನಪ್ಪಾ?" ಎಂದರು. "ಹೋಗ್ತೈತೆ" ಎಂದೆ. ಸೀರೆ ಉಳಿಯಿತು, ಆಕೆ ಹೋದರು. ಸಾವ್ಕಾರರು ಆವತ್ತೇ ನನ್ನನ್ನು ತಿದ್ದಲು ಕೂತರು: ಮೊದಲು ಉಪಚಾರ, ಆಮೇಲೆ ವ್ಯಾಪಾರ. ನಾನು ಬೇಗ ಕಲಿಯುವವನು. ವಾರ ಕಳೆಯುವಷ್ಟರಲ್ಲಿ, ರೈತರೊಬ್ಬರು ಮೆಟ್ಟಿಲು ಹತ್ತುತ್ತಲೇ ಶುರುಮಾಡಿದೆ: "ಬರ್ರಿ ಗೌಡ್ರೇ, ಕೂಡ್ರಿ, ನೀರು ಕುಡೀರಿ, ಬಿಸ್ಲಾಗ ಬಂದ್ರಿ, ಮನಿ ಕಡೆ ಎಲ್ಲ ಆರಾಮೇನ್ರಿ, ದೊಡ್ಡ ಮಗ ಹೆಂಗದಾನೆ, ಸಣ್ಣ ಮಗ ಹೆಂಗದಾನೆ..."

ಅವರು ಕೈ ಎತ್ತಿ ತಡೆದರು. "ತಮ್ಮಾ, ಪಂಚೆ ಐತೋ ಇಲ್ಲೋ, ಅದನ್ನ ಹೇಳು."

ನಾನಿನ್ನೂ ಅವರ ಎತ್ತುಗಳ ಕ್ಷೇಮಕ್ಕೇ ಬಂದಿರಲಿಲ್ಲ.