ನಮ್ಮ ಮಾಮಾ ನೌಕರಿ ನೋಡಲು ಹೋದದ್ದು

ನಮ್ಮ ಮಾಮಾ ತನ್ನ ಜೀವನದಲ್ಲಿ ಒಂದು ದಿನವೂ ನೌಕರಿ ಮಾಡಿದವನಲ್ಲ. ಆದರೆ ಕಲಬುರಗಿಯಲ್ಲಿ ಅವನು ಬೇಡವೆಂದು ಬಿಟ್ಟು ಬಂದ ನೌಕರಿಗಳನ್ನು ಒಟ್ಟುಗೂಡಿಸಿದ್ದರೆ ಒಂದು ಸಣ್ಣ ತಾಲೂಕಿನ ನಿರುದ್ಯೋಗವೇ ನೀಗುತ್ತಿತ್ತು. ಒಂದು ನೌಕರಿಯನ್ನಂತೂ, ಅಲ್ಲಿಯ ಸಾಹೇಬರ ಮೇಜಿನ ಮೇಲೆ ಕೂತ ನೊಣವನ್ನು ಯಾರೂ ಓಡಿಸಲಿಲ್ಲ ಎಂಬ ಕಾರಣಕ್ಕೆ ಬಿಟ್ಟ. ಬಿಟ್ಟದ್ದು ಅವನು, ಹೋದದ್ದು ನನ್ನ ನೌಕರಿ!

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಕಮಲಾಪುರದ ಬಸ್ ನಿಲ್ದಾಣದ ಎದುರು ಅವನದೊಂದು ಟೇಲರ್ ಅಂಗಡಿ. ಬ್ಲೌಸ್ ಹೊಲಿಯುವುದು ಅವನ ಹೊಟ್ಟೆಪಾಡು, ಸಂಬಂಧ ನೋಡುವುದು ಅವನ ಹುಚ್ಚು. ಊರಿನಲ್ಲಿ ಯಾರದೇ ಮದುವೆಯ ಮಾತು ಎದ್ದರೂ ಎದುರಿನವರ ಮನೆತನದ ಚೌಕಶಿ ಮಾಡಲು ಇವನನ್ನೇ ಕಳಿಸುತ್ತಿದ್ದರು. ಇವನು ಹೋಗಿ ಆ ಮನೆಯ ಅಗಸನನ್ನು, ಹಾಲು ಹಾಕುವವನನ್ನು, ಹಿಟ್ಟಿನ ಗಿರಣಿಯವನನ್ನು ಮಾತಾಡಿಸಿ ಬರುತ್ತಿದ್ದ. ಇವನು ಕೂಡಿಸಿದ ಮದುವೆಗಳು ಕಡಿಮೆ, ಮುರಿದವು ಹೆಚ್ಚು. ಮುರಿದುಕೊಂಡವರು ಮಾತ್ರ ಇವತ್ತಿಗೂ ಅವನ ಹೆಸರು ಹೇಳಿ ಕೈ ಮುಗಿಯುತ್ತಾರೆ.

ನಾನು ಬಿ.ಕಾಂ. ಮುಗಿಸಿದೆ. ನಮ್ಮ ಅಪ್ಪ ಮಾತು ಕಡಿಮೆಯ ಮನುಷ್ಯ. ಒಂದು ಸಂಜೆ ಊಟ ಮಾಡುತ್ತ ಎರಡೇ ಮಾತು ಹೇಳಿದರು. "ಮುಂದಿನ ನಾಗರ ಪಂಚಮಿಯೊಳಗ ನೌಕರಿ ಹತ್ತಿದ್ರ ಮಾಡಲಿ. ಇಲ್ಲಂದ್ರ ಗಂಡು ನೋಡೋಣು." ಅಪ್ಪ ಹೇಳಿದ್ದನ್ನು ಮರಳಿ ಹೇಳುವವರಲ್ಲ, ಬದಲಿಸುವವರೂ ಅಲ್ಲ. ನನಗೆ ಮದುವೆ ಬೇಡವಾಗಿತ್ತು. ಕಲಬುರಗಿಯ ಯಾವುದಾದರೂ ಕಚೇರಿಯಲ್ಲಿ ಒಂದು ಕುರ್ಚಿ, ಕುರ್ಚಿಯ ಮೇಲೊಂದು ಫ್ಯಾನು, ಅಷ್ಟೇ ಬೇಕಾಗಿತ್ತು. ಅವ್ವ ಕೂಡಲೇ ತಮ್ಮನನ್ನು ಕರೆಸಿದಳು. ಅಲ್ಲಿಗೆ ನನ್ನ ಕುರ್ಚಿಗೆ ಗ್ರಹಣ ಹಿಡಿಯಿತು.

"ಜಾಹೀರಾತು ಅಂದ್ರೇನು ತಂಗಿ?" ಎಂದು ಮಾಮಾ ಟೇಪನ್ನು ಕೊರಳಿಗೆ ಹಾಕಿಕೊಂಡೇ ಪಾಠ ಶುರು ಮಾಡಿದ. "ನಮ್ಮನಿಗಿ ಹೆಣ್ಣು ಬೇಕಾಗ್ಯದ ಅಂತ ಗಂಡಿನವರು ಹೇಳಿ ಕಳಿಸಿದಂಗ. ಹೇಳಿ ಕಳಿಸಿದ ಕೂಡಲೆ ಹುಡುಗಿ ಕೈಯಾಗ ಅರ್ಜಿ ಕೊಟ್ಟು ಯಾರರ ಕಳಸ್ತಾರೇನು?"

ಅಂದಿನಿಂದ ಬೆಳಗಿನ ಪೇಪರು ಬಂದೊಡನೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಜಾಹೀರಾತು ಕತ್ತರಿಸುವುದು, ಗುಂಡುಪಿನ್ನಿನಿಂದ ಎದುರಿಗೆ ತೂಗುಹಾಕಿದ ಬ್ಲೌಸಿಗೆ ಚುಚ್ಚುವುದು. ಒಮ್ಮೆ ಹಾಗೆ ಚುಚ್ಚಿದ್ದನ್ನು ತೆಗೆಯುವುದು ಮರೆತು ಬ್ಲೌಸನ್ನು ಕೊಟ್ಟೂಬಿಟ್ಟ. ಆ ಹೆಣ್ಣುಮಗಳು ಮರುದಿನ ಬಂದು, "ಸೆಕ್ಯೂರಿಟಿ ಗಾರ್ಡ್ ಬೇಕಾಗ್ಯಾರ, ಎತ್ತರ ಐದು ಅಡಿ ಏಳು ಇಂಚು ಅಂತ ಬರದೀದಿ. ಇದೇನು ನನ್ನ ಅಳತಿ ಏನೋ ಯಪ್ಪಾ?" ಎಂದು ಕೇಳಿದಳು.

ಜಾಹೀರಾತು ಓದುವುದರಲ್ಲಿ ಅವನದೇ ಒಂದು ವಿದ್ಯೆ. ನಾನು ಓದುತ್ತಿದ್ದೆ, ಅವನು ಕಾಜಾ ಹೊಲಿಯುತ್ತ ಅರ್ಥ ಹೇಳುತ್ತಿದ್ದ.

"ತಕ್ಷಣ ಬೇಕಾಗಿದ್ದಾರೆ."

"ಮೊದಲಿನಾಕಿ ಓಡಿ ಹೋಗ್ಯಾಳ."

"ಒತ್ತಡದಲ್ಲಿ ಕೆಲಸ ಮಾಡಬಲ್ಲವರಾಗಿರಬೇಕು."

"ಅತ್ತಿ ಜೋರ ಅದಾಳ."

"ಆಕರ್ಷಕ ಸಂಬಳ, ಅರ್ಹತೆಗೆ ತಕ್ಕಂತೆ."

"ಮಾತುಕತಿ ಇನ್ನಾ ಆಗಿಲ್ಲ. ಮುಂದ."

"ಕುಟುಂಬದಂಥ ವಾತಾವರಣ."

ಮಾಮಾ ಸೂಜಿ ನಿಲ್ಲಿಸಿದ. "ಕುಟುಂಬ ನಮ್ಮನ್ಯಾಗೂ ಅದ. ಅದಕ್ಕ ಯಾರರ ಬಸ್ ಹತ್ತಿ ಹೋಗ್ತಾರೇನು?"

"ಹೊಸಬರಿಗೆ ಅವಕಾಶ. ಎರಡು ವರ್ಷದ ಅನುಭವ ಕಡ್ಡಾಯ."

"ಕನ್ಯಾ ಹದಿನೆಂಟು ವರ್ಷದ್ದಿರಬೇಕು, ಇಪ್ಪತ್ತು ವರ್ಷ ಅಡಿಗಿ ಮಾಡಿರಬೇಕು ಅಂದಂಗಾತು. ಹರಿ ಅದನ್ನ."

ನಾನು ಹರಿಯುತ್ತಿರಲಿಲ್ಲ. ಕಾಲೇಜಿನ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಪಂಚಮಿ ಹತ್ತಿರವಾಗುತ್ತಿದೆಯೆಂದು ಅವನಿಗೇನು ಚಿಂತೆ? ಗಂಡು ನೋಡಬೇಕಾದದ್ದು ಅವನಿಗಲ್ಲವಲ್ಲ!

ಕಡೆಗೂ ಒಂದು ಜಾಹೀರಾತು ಅವನ ಜರಡಿಯಿಂದ ಕೆಳಗೆ ಬಿತ್ತು. ಕಲಬುರಗಿಯ ಸೇಡಂ ರಸ್ತೆಯ ಒಂದು ಕಂಪನಿ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಕೆಲಸ. ಸಂದರ್ಶನದ ದಿನ ನಾನು ಕಡತ ಹಿಡಿದು ಬಸ್ ನಿಲ್ದಾಣಕ್ಕೆ ಬಂದರೆ ಅಲ್ಲಿ ಐದು ಜನ ನಿಂತಿದ್ದಾರೆ. ಮಾಮಾ, ಅವನ ಹೆಂಡತಿ ಅಂದರೆ ನಮ್ಮ ಅತ್ತಿ, ಅವ್ವ, ನಿವೃತ್ತ ಮಾಸ್ತರರೊಬ್ಬರು, ಮತ್ತು ಮಾತು ಬಲ್ಲವರೆಂದು ಕರೆತಂದ ಪಕ್ಕದ ಕಿರಾಣಿ ಅಂಗಡಿಯವರು. ಜೊತೆಗೆ ಒಂದು ಚೀಲ ನಮ್ಮೂರ ಕೆಂಪು ಬಾಳೆಹಣ್ಣು. ಬರಿಗೈಯಲ್ಲಿ ಹೋಗಬಾರದಂತೆ.

ಕಂಪನಿಯ ಕೌಂಟರಿನ ಹುಡುಗಿ ನಮ್ಮ ದಂಡು ನೋಡಿ ಗಾಬರಿಯಾದಳು. "ಕ್ಯಾಂಡಿಡೇಟ್ ಯಾರ್ರೀ?"

"ಕೂಡ್ರಿ ತಂಗಿ, ಅದಾಳ, ಎಲ್ಲಿ ಹೋಗ್ತಾಳ," ಎಂದ ಮಾಮಾ. "ಮೊದಲ ನಿಮ್ಮ ಹಿರೇರನ್ನ ಕರೀರಿ."

ಹಿರಿಯರೆಂದು ಒಳಗಿನಿಂದ ಬಂದವನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಮಾಮಾ ಅವನನ್ನು ಕೂಡಿಸಿಕೊಂಡು ಊರು ಕೇಳಿದ, ಅಣ್ಣತಮ್ಮಂದಿರು ಎಷ್ಟು ಎಂದು ಕೇಳಿದ, ಕಂಪನಿ ಸ್ವಂತದ್ದೋ ಬಾಡಿಗೆಯದ್ದೋ ಎಂದು ಕೇಳಿದ. ಮಾಸ್ತರರು, "ಎರಡು ಸಾಲು ಬರದು ತೋರಸ್ರಿ, ಅಕ್ಷರ ನೋಡೋಣು," ಎಂದರು. ಆ ಹುಡುಗ ಪಾಪ, ಬರೆದೂ ತೋರಿಸಿದ. ಅತ್ತಿ ನನ್ನ ಕಿವಿಯಲ್ಲಿ, "ನಡಿಗಿ ಒಂದು ನೋಡಬೇಕಿತ್ತು," ಎಂದಳು. ನಾನು ಕಡತವನ್ನು ಮುಖಕ್ಕೆ ಹಿಡಿದುಕೊಂಡೆ. ಎಲ್ಲ ಮುಗಿದ ಮೇಲೆ ಹುಡುಗ ಎದ್ದು ನಿಂತ, ಮಾಮಾನೂ ಎದ್ದು ನಿಂತ. ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿದರು:

"ವಿಚಾರ ಮಾಡಿ ತಿಳಸ್ತೀವಿ."

ಮರಳುವಾಗ ಬಸ್ಸಿನಲ್ಲಿ ಮಾಮಾನಿಗೆ ದೊಡ್ಡ ಅನುಮಾನ ಹತ್ತಿತು. ಹೇಳಿ ಕಳಿಸಿದವರು ಅವರು, ಆದ್ದರಿಂದ ಅವರು ಗಂಡಿನವರು. ಆದರೆ ನೋಡಲು ಹೋದವರು ನಾವು. ಹಾಗಾದರೆ ನಾವು ಗಂಡಿನವರೋ? ಮಾಸ್ತರರಿಗೂ ತಿಳಿಯಲಿಲ್ಲ. ಮಹಾಗಾಂವ ದಾಟುವವರೆಗೆ ಚರ್ಚೆ ನಡೆಯಿತು. ಕೊನೆಗೆ ಮಾಮಾ, "ಯಾರರ ಇರಲಿ. ಹಿರೇರು ಐದು ಮಂದಿ ಹೋಗೀವಿ, ಒಬ್ಬರರ ಒಂದು ಗಿಲಾಸ ನೀರು ಕೊಟ್ರೇನು? ನೀರು ಕೊಡದ ಮನಿಗಿ ನಮ್ಮ ಹುಡುಗಿ ಕೊಡಾಂಗಿಲ್ಲ," ಎಂದ. ಅಲ್ಲಿಗೆ ಸೇಡಂ ರಸ್ತೆಯ ಸಂಬಂಧ ಮುರಿಯಿತು.

ಮುಂದೆ ಕೋಟೆಯ ಹತ್ತಿರದ ಒಂದು ಟ್ಯೂಶನ್ ಸಂಸ್ಥೆಯಲ್ಲಿ ಕಾರಕೂನಳ ಜಾಗ ಬಂತು. ಈ ಸಲ ಅವ್ವ ಮೆರವಣಿಗೆ ಬೇಡವೆಂದಳು. ಮಾಮಾ ಒಪ್ಪಿ, ಒಬ್ಬನೇ ಹೋಗಿ ಆ ಸಂಸ್ಥೆಯ ಎದುರಿನ ಚಹಾದಂಗಡಿಯಲ್ಲಿ ಇಡೀ ದಿನ ಕೂತು ಬಂದ. "ಎರಡನೇ ಸಂಬಂಧ ಅದು," ಎಂದು ಮುಖ ಗಂಟು ಹಾಕಿಕೊಂಡು ಹೇಳಿದ. ಮೊದಲು ಆ ಕುರ್ಚಿಯಲ್ಲಿ ಒಬ್ಬಳು ಇದ್ದಳಂತೆ, ಬಿಟ್ಟು ಹೋದಳಂತೆ. ಎರಡನೆಯ ಸಂಬಂಧವೆಂದರೆ ಮೊದಲಿನವಳನ್ನು ಕೇಳದೆ ಮುಂದೆ ಹೆಜ್ಜೆ ಇಡಬಾರದು. ಮರುದಿನ ನನ್ನನ್ನೂ ಕರೆದುಕೊಂಡು ತಾಜಸುಲ್ತಾನಪುರಕ್ಕೆ ಹೋಗಿ, ಮನೆ ಹುಡುಕಿ, ಆ ಹೆಣ್ಣುಮಗಳ ಕಟ್ಟೆಯ ಮೇಲೆ ಕೂತ.

"ಯಾಕ ಬಿಟ್ಟಿ ತಂಗಿ? ತ್ರಾಸು ಕೊಟ್ರೇನು?"

ಅವಳು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ನಗು ತಡೆದುಕೊಂಡು, "ಸಂಜಿ ಆರಕ್ಕ ಬಿಡ್ತೀವಿ ಅಂತಾರ್ರೀ ಕಾಕಾ. ಯಾ ದಿನದ ಸಂಜಿ ಅಂತ ಹೇಳಾಂಗಿಲ್ಲ," ಎಂದಳು. ಆಮೇಲೆ ನಗದೆ ಹೇಳಿದಳು, "ಮೂರು ತಿಂಗಳು ಪಗಾರ ಕೊಡಲಿಲ್ಲ." ಒಳಗೆ ಹೋಗಿ ಇಬ್ಬರಿಗೂ ನೀರು ತಂದುಕೊಟ್ಟಳು.

ದಾರಿಯಲ್ಲಿ ಮಾಮಾ ಬೆರಳು ಮಡಿಸಿ ಮೂರು ತಿಂಗಳ ಪಗಾರದ ಲೆಕ್ಕ ಹಾಕಿದ. ಕೊನೆಗೆ, "ಛಲೋ ಹುಡುಗಿ. ಆಕಿಗೂ ಒಂದು ನೋಡಬೇಕು," ಎಂದ. ಮರುದಿನದಿಂದ ಎರಡು ಬ್ಲೌಸುಗಳ ಮೇಲೆ ಜಾಹೀರಾತು ತೂಗತೊಡಗಿದವು. ಒಂದು ನನ್ನದು, ಒಂದು ಅವಳದು. ಅವಳದು ಎರಡೇ ವಾರಕ್ಕೆ ಕೂಡಿಬಂತು!

ಪಂಚಮಿಗೆ ಮೂರು ವಾರ ಉಳಿಯಿತು. ಅಪ್ಪ ತರಿಸಿದ ಒಂದು ಗಂಡಿನ ಫೋಟೋ ಮನೆಗೆ ಬಂದು ಕನ್ನಡಿಯ ಸಂದಿಯಲ್ಲಿ ಕೂತಿತು. ನಾನು ತಲೆ ಬಾಚುವಾಗಲೆಲ್ಲ ಆ ಮನುಷ್ಯ ನನ್ನನ್ನೇ ನೋಡುತ್ತಿದ್ದ. ಅವ್ವ ತಮ್ಮನ ಅಂಗಡಿಗೇ ಹೋಗಿ ಜಗಳ ತೆಗೆದಳು. "ನಿನ್ನ ಚೌಕಶಿ ಮುಗಿಯೋದ್ರಾಗ ಇಕಿ ರಿಟೈರ್ ಆಗೋ ವಯಸ್ಸು ಬರ್ತದ!"

ನಾನು ಮಾಮಾನಿಗೆ ಹೇಳದೆ ಮೊಬೈಲಿನಲ್ಲಿ ಒಂದು ಅರ್ಜಿ ಹಾಕಿದೆ. ಅದೇ ಸೇಡಂ ರಸ್ತೆಯಲ್ಲಿ ಒಂದು ರಕ್ತ ಪರೀಕ್ಷೆಯ ಲ್ಯಾಬು, ರಿಪೋರ್ಟ್ ಕೊಡುವ ಕೌಂಟರಿನ ಕೆಲಸ. ಸಂದರ್ಶನಕ್ಕೆ ಕರೆದರು. ಅವ್ವನಿಗೆ ಮಾತ್ರ ಹೇಳಿ, ಅವನ ಅಂಗಡಿ ತೆರೆಯುವ ಮೊದಲೇ ಬಸ್ ಹತ್ತಿದೆ. ಗೆದ್ದೆನೆಂದುಕೊಂಡು ಲ್ಯಾಬಿನ ಬಾಗಿಲು ತಳ್ಳಿದರೆ, ಬೆಂಚಿನ ಮೇಲೆ ಮೊಣಕೈಗೆ ಹತ್ತಿ ಒತ್ತಿ ಹಿಡಿದು ಮಾಮಾ ಕೂತಿದ್ದಾನೆ.

"ನೀ ಇಲ್ಲಿ ಯಾಕ ಮಾಮಾ?"

"ಸುಮ್ಮನಿರು. ನಾ ನಿನಗ ಗುರುತಿಲ್ಲ. ನಾ ಪೇಷಂಟ್ ಆಗಿ ಬಂದೀನಿ," ಎಂದು ಪಿಸುಗುಟ್ಟಿದ. ಅವ್ವನ ಹೊಟ್ಟೆಯಲ್ಲಿ ಗುಟ್ಟು ಒಂದು ರಾತ್ರಿಯೂ ನಿಂತಿರಲಿಲ್ಲ. ಗುರುತಿಲ್ಲದ ಆ ಮನುಷ್ಯ ನನ್ನ ಕೈಗೆ ಕೆಂಪು ಬಾಳೆಹಣ್ಣಿನ ಚೀಲ ಕೊಟ್ಟು, ಬೆವರು ಒರಸಿಕೊಂಡು ಒಳಗೆ ಹೋಗು ಎಂದು ಸನ್ನೆ ಮಾಡಿದ.

ಒಳಗೆ ಮ್ಯಾನೇಜರ್ ಮೇಡಂ ಕನ್ನಡಕ ಏರಿಸಿ ಎಲ್ಲ ಕೇಳಿದರು. ಕೊನೆಗೆ, "ಹೊರಗ ಕೂತವರು ನಿಮಗೇನಾಗಬೇಕು?" ಎಂದರು.

"ಗುರುತಿಲ್ಲ್ರೀ ಮೇಡಂ."

"ಗುರುತಿಲ್ಲದವರು ನಮ್ಮ ನರ್ಸಿಗೆ, ನಿಮ್ಮ ಮೇಡಂ ಭಾಳ ಸಿಟ್ಟು ಮಾಡ್ತಾರೇನು ಅಂತ ಕೇಳಾಕತ್ತಾರ," ಎಂದು ಚೀಲದಿಂದ ಒಂದು ಹಣ್ಣು ತೆಗೆದುಕೊಂಡರು. ನಾಳಿನಿಂದ ಬನ್ನಿ ಎಂದರು.

ಹೊರಗೆ ಬಂದರೆ ಮಾಮಾನ ತೀರ್ಪೂ ಸಿದ್ಧವಾಗಿತ್ತು. "ಸೂಜಿ ಚುಚ್ಚಿದ ಮ್ಯಾಲ ನೀರು ಬೇಕೇನ್ರೀ ಅಂತ ಕೇಳಿದ್ರು ತಂಗಿ. ಆ ಮೇಡಮ್ಮರ ಬ್ಲೌಸಿನ ಹೊಲಿಗಿನೂ ನೆಟ್ಟಗದ. ಕೊಡಬಹುದು."

ಕನ್ನಡಿಯಲ್ಲಿದ್ದ ಫೋಟೋ ಬಂದ ದಾರಿಯಲ್ಲೇ ಮರಳಿತು. ನಾಲ್ಕು ದಿನದ ಮೇಲೆ ಮಾಮಾನ ರಿಪೋರ್ಟನ್ನು ನಾನೇ ಮುಚ್ಚಿದ ಲಕೋಟೆಯಲ್ಲಿ ತಂದುಕೊಟ್ಟೆ. ಕೆಲಸಕ್ಕೆ ಹೊಸಬಳು, ಲಕೋಟೆ ತೆರೆಯಬಾರದೆಂಬ ನಿಯಮವನ್ನು ಭಕ್ತಿಯಿಂದ ಪಾಲಿಸುತ್ತಿದ್ದೆ. ಅವನು ಅದನ್ನು ತೆರೆಯದೆ ಎಂಟು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮಷೀನಿನ ಕಾಲಿನ ಕೆಳಗೆ ಇಟ್ಟ.

"ಓದಬಾರದೇನು ಮಾಮಾ?"

"ಪರೀಕ್ಷೆ ನಂದಲ್ಲ ತಂಗಿ, ಅವರದು. ಪಾಸಾಗ್ಯಾರ," ಎಂದು ಮಷೀನು ತುಳಿದು ನೋಡಿದ. ಅಲುಗಾಟ ನಿಂತಿತ್ತು.

ಇಷ್ಟಕ್ಕೆ ಮುಗಿಯಿತೆಂದುಕೊಂಡಿರಾ? ನಮ್ಮ ಕಡೆ ಪಂಚಮಿ ಬಂದರೆ ಗಂಡನ ಮನೆಯಲ್ಲಿರುವ ಹೆಣ್ಣುಮಗಳನ್ನು ತವರಿನವರು ಹೋಗಿ ಕರೆತರಬೇಕು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಕೌಂಟರಿನ ಮುಂದೆ ಗದ್ದಲ, ನಾನು ರಿಪೋರ್ಟ್ ಹಂಚುತ್ತಿದ್ದೇನೆ. ಮಾಮಾ ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಟಾವೆಲ್, ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ ಹಿಡಿದು ನೇರ ಮೇಡಂ ಮುಂದೆ ನಿಂತ.

"ಪಂಚಮಿಗಿ ಕರಿಯಾಕ ಬಂದೀನ್ರಿ. ಹುಡುಗಿ ಕಳಿಸಿಕೊಡ್ರಿ."

"ಇವತ್ತು ಭಾಳ ಮಂದಿ ಅದಾರ್ರೀ."

"ಅತ್ತಿಮನಿಯವರು ಎಲ್ಲಾರೂ ಹಂಗೇ ಅಂತಾರ್ರೀ ಮೇಡಂ."

"ಅಲ್ರೀ, ಇಕಿ ದಿನಾ ಸಂಜಿ ಕಮಲಾಪುರಕ್ಕೇ ಬರ್ತಾಳಲ್ಲ?"

ಬರುತ್ತಿದ್ದೆ. ಅಂದು ಬೆಳಿಗ್ಗೆ ಬಸ್ಸು ತಡವಾಗಿ ಅವನ ಅಂಗಡಿಯಲ್ಲೇ ಚಹಾ ಕುಡಿದು ಬಂದಿದ್ದೆ.

ಮಾಮಾ ಡಬ್ಬಿಯನ್ನು ಮೇಜಿನ ಮೇಲಿಟ್ಟ. "ಬರೋದು ಬ್ಯಾರೆ, ಕರಕೊಂಡು ಹೋಗೋದು ಬ್ಯಾರೆರೀ."

ಮೇಡಂ ಒಂದು ಉಂಡಿ ಬಾಯಿಗೆ ಹಾಕಿಕೊಂಡು ಕೈಯಾಡಿಸಿ ಕಳಿಸಿಬಿಟ್ಟರು. ದಿನವೂ ಹೋಗುವ ಅದೇ ಬಸ್ಸಿನಲ್ಲಿ ಮಾಮಾ ನನ್ನನ್ನು ಕಿಟಕಿಯ ಪಕ್ಕ ಕೂಡಿಸಿ, ನನ್ನ ಊಟದ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಕೇಳಿದ, "ಹ್ಯಾಂಗ ನೋಡಿಕೋತಾರ?"

"ಛಲೋ ನೋಡಿಕೋತಾರ ಮಾಮಾ."

ಮರುವರ್ಷವೂ ಬಂದ. ಅದೇ ಮಾತು, ಅದೇ ಉಂಡಿ, ಅದೇ ಪ್ರಶ್ನೆ. ಆ ವರ್ಷ ಅವನ ಕಾಲು ಬಾತಿದ್ದವು. ಬಸ್ಸಿನ ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿದ. ಮಷೀನು ತುಳಿದೂ ತುಳಿದೂ ಹೀಗಾಗಿದೆ ಎಂದ, ನಾನು ನಂಬಿದೆ.

ಈ ಬೇಸಿಗೆಯಲ್ಲಿ ಮಾಮಾ ಹೋದ. ಮೂತ್ರಪಿಂಡ ಎಂದರು. ಅಂಗಡಿ ತೆರವು ಮಾಡುವ ದಿನ ಮಷೀನು ಎತ್ತಿದಾಗ ಅದರ ಕಾಲಿನ ಕೆಳಗಿನ ಆ ಲಕೋಟೆ ಸಿಕ್ಕಿತು. ಬಿಡಿಸಿ ಓದಿದೆ. ಅಂಥ ಕಾಗದಗಳನ್ನು ನಾನು ದಿನವೂ ನೂರು ಜನರ ಕೈಗೆ ಕೊಡುತ್ತೇನೆ, ಯಾವ ಅಂಕಿ ಎಷ್ಟಿರಬೇಕೆಂದು ಈಗ ನನಗೆ ಬಾಯಿಪಾಠ. ಎರಡು ವರ್ಷ ಹಿಂದೆಯೇ ಎಲ್ಲ ಅದರಲ್ಲಿತ್ತು. ಪೇಪರಿನ ಜಾಹೀರಾತನ್ನು ಅಕ್ಷರ ಅಕ್ಷರವಾಗಿ ಜರಡಿ ಹಿಡಿದವನು ಇದೊಂದನ್ನು ಓದಲಿಲ್ಲ.

ಈ ಸಲದ ಪಂಚಮಿಯ ಹಿಂದಿನ ದಿನ ನಾನು ರಜೆ ಕೇಳದೆ ಕೌಂಟರಿನಲ್ಲಿ ಕೂತಿದ್ದೆ. ಎಂದಿನಂತೆ ಆರರ ಬಸ್ಸಿಗೆ ಹೋದರಾಯಿತು ಎಂದುಕೊಂಡಿದ್ದೆ. ಮೂರು ಗಂಟೆಗೆ ಮೇಡಂ ಬಂದು ನನ್ನ ಕಂಪ್ಯೂಟರ್ ಆರಿಸಿದರು. ಅವರ ಇನ್ನೊಂದು ಕೈಯಲ್ಲಿ ಸ್ಕೂಟರಿನ ಕೀಲಿ ಇತ್ತು.

"ನಡೀರಿ."

"ಎಲ್ಲಿಗ್ರೀ ಮೇಡಂ?"

"ಹಬ್ಬಕ್ಕ ಹೋಗಾಂಗಿಲ್ಲೇನು? ಬಸ್ ಸ್ಟ್ಯಾಂಡ್ ತನಕ ನಾ ಬರ್ತೀನಿ."

"ನಾ ಸಂಜಿಗಿ ಹೋಗ್ತೀನ್ರಿ, ದಿನಾ ಹೋಗೋದೇ ಅಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗೋದು ಬ್ಯಾರೆ," ಎಂದರು. ನನ್ನ ಊಟದ ಚೀಲವನ್ನು ತಾವೇ ಎತ್ತಿಕೊಂಡರು.

ಬಸ್ ನಿಲ್ದಾಣದಲ್ಲಿ ಅವರು ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡು ನನ್ನ ಮಡಿಲಿಗೆ ಹಾಕಿದರು. ನಾನು ಕಿಟಕಿಯ ಪಕ್ಕ ಕೂತು, ಊಟದ ಚೀಲವನ್ನು ಬಾಜುವಿನ ಸೀಟಿನ ಮೇಲಿಟ್ಟೆ. ದಿನವೂ ನೋಡುವ ಕಂಡಕ್ಟರ್ ಹಣ್ಣು ನೋಡಿ ನಿಂತ.

"ಏನ್ರೀ, ಕಮಲಾಪುರಕ್ಕೇ ಕೆಂಪು ಬಾಳಿಹಣ್ಣು ಒಯ್ಯಾಕತ್ತೀರಿ?"

"ಅತ್ತಿಮನಿಯವರು ಕೊಟ್ಟು ಕಳಿಸ್ಯಾರ್ರಿ," ಎಂದೆ.